ಗಡಿ ದಾಟಿ ಬರುವ ಹೊಳೆ: ಪಯಸ್ವಿನಿ ನಡಿಗೆ ಮತ್ತು ಮಳೆ ಸಂದೇಶ ಸೇವೆಯ ಒಂದು ವಿಮರ್ಶೆ

ಕಾಸರಗೋಡು ಜಿಲ್ಲೆಯಲ್ಲಿ ಕಾಡು, ಗುಡ್ಡೆ, ಹೊಳೆಗಳನ್ನು ತೋರಿಸುವ ಪ್ರವಾಸಗಳಿಗೆ ಈಗ ಕೊರತೆಯಿಲ್ಲ. ರಾಣಿಪುರಂ ಬೆಟ್ಟಕ್ಕೆ ಚಾರಣ ಕರೆದೊಯ್ಯುವವರಿದ್ದಾರೆ, ವಲಿಯಪರಂಬದ ಹಿನ್ನೀರಿನಲ್ಲಿ ದೋಣಿಮನೆ ನಡೆಸುವವರಿದ್ದಾರೆ, ಬೇಕಲ ಕೋಟೆಗಂತೂ ವರ್ಷವಿಡೀ ಜನ ಬರುತ್ತಾರೆ. ನಾನು ಇಲ್ಲಿ ಬರೆಯಹೊರಟಿರುವುದು ಇವುಗಳ ಸಾಲಿಗೆ ಸೇರದ ಒಂದು ಸೇವೆಯ ಕುರಿತು. ಮುಳ್ಳೇರಿಯ, ಬೋವಿಕ್ಕಾನ ಕಡೆಯ ಕೆಲವು ನಿವೃತ್ತ ಅಧ್ಯಾಪಕರು, ಅಡಿಕೆ ಕೃಷಿಕರು ಮತ್ತು ಕಾಲೇಜು ಹುಡುಗರು ಸೇರಿ ನಡೆಸುವ ಈ ಕೂಟಕ್ಕೆ ಕಚೇರಿಯಿಲ್ಲ, ಫಲಕವಿಲ್ಲ; ಪರಿಚಿತರ ಮೂಲಕ ತಿಳಿದವರು ಫೋನು ಮಾಡಿ ಹೆಸರು ಕೊಡಬೇಕು. ತಲೆಗೆ 950 ರೂಪಾಯಿ ಕೊಟ್ಟರೆ ಕರ್ನಾಟಕದ ಗಡಿಯಿಂದ ಸಮುದ್ರದವರೆಗೆ ಪಯಸ್ವಿನಿ ಹೊಳೆಯ ದಂಡೆಯಲ್ಲಿ ಒಂದು ದಿನದ ಅಧ್ಯಯನ ನಡಿಗೆ, ನಡುನಡುವೆ ವಾಹನ ವ್ಯವಸ್ಥೆ, ಮಧ್ಯಾಹ್ನದ ಊಟ, ಜೊತೆಗೆ ಮುಂದಿನ ಮಳೆಗಾಲ ಮುಗಿಯುವವರೆಗೆ ಹೊಳೆಯ ಮೇಲ್ಭಾಗದ ಮಳೆಯ ಲೆಕ್ಕವನ್ನು ದಿನವೂ ಮೊಬೈಲಿಗೆ ಕಳುಹಿಸುವ ಸಂದೇಶ ಸೇವೆ ದೊರೆಯುತ್ತದೆ. ನಡಿಗೆಯನ್ನು ಕಳೆದ ಡಿಸೆಂಬರಿನಲ್ಲಿ ಮಾಡಿದೆ. ಸಂದೇಶಗಳನ್ನು ಜೂನ್ ತಿಂಗಳಿಂದ ಮಳೆಗಾಲವಿಡೀ ಗಮನಿಸಿದ್ದೇನೆ. ಎರಡನ್ನೂ ಬಳಸಿ ನೋಡಿದ ಮೇಲೆ ಬರೆಯುವುದು ನ್ಯಾಯವೆಂದು ಇಷ್ಟು ಕಾದೆ.

ಪಯಸ್ವಿನಿಯ ವಿಚಾರದಲ್ಲಿ ಇಂಥದ್ದೊಂದು ಸೇವೆ ಏಕೆ ಬೇಕು ಎಂಬುದನ್ನು ಮೊದಲು ಹೇಳಬೇಕು. ಚಂದ್ರಗಿರಿ ಹೊಳೆಯೆಂದು ಕಡಲು ಸೇರುವ ಈ ನದಿ ಹುಟ್ಟುವುದು ಕೊಡಗಿನ ಪಶ್ಚಿಮಘಟ್ಟದಲ್ಲಿ. ಸಂಪಾಜೆಯ ಕಣಿವೆಯಿಂದ ಇಳಿದು, ಸುಳ್ಯ ಪೇಟೆಯ ಬದಿಯಲ್ಲಿ ಹಾದು, ಜಾಲ್ಸೂರಿನ ಆಚೆ ಕೇರಳವನ್ನು ಪ್ರವೇಶಿಸುವ ಪಯಸ್ವಿನಿ, ದಕ್ಷಿಣದಿಂದ ಬರುವ ಇನ್ನೊಂದು ಕವಲನ್ನು ಮುನ್ನಂಕಡವಿನಲ್ಲಿ ಕೂಡಿಕೊಂಡು, ಕಾಸರಗೋಡು ಪೇಟೆಯ ತೆಂಕು ಬದಿಯಲ್ಲಿ ತಳಂಗರೆಯ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಒಟ್ಟು ಉದ್ದ 105 ಕಿಲೋಮೀಟರ್. ಜಲಾನಯನ ಪ್ರದೇಶದ ಅರ್ಧಕ್ಕಿಂತ ಹೆಚ್ಚು ಪಾಲು ಕರ್ನಾಟಕದಲ್ಲಿದೆ. ಅಂದರೆ ಕಾಸರಗೋಡು ನಗರಕ್ಕೂ ಸುತ್ತಲಿನ ಪಂಚಾಯತುಗಳಿಗೂ ಕುಡಿಯುವ ನೀರು ಕೊಡುವ ಹೊಳೆಯ ಹಣೆಬರಹ ಬಹುಪಾಲು ಬರೆಯಲ್ಪಡುವುದು ನಮ್ಮ ಜಿಲ್ಲೆಯ ಹೊರಗೆ, ನಮ್ಮ ರಾಜ್ಯದ ಹೊರಗೆ. ಶಿರಿಯಾ, ಉಪ್ಪಳ ಹೊಳೆಗಳ ಕಥೆಯೂ ಇದೇ. ಉಪ್ಪಳ ಹೊಳೆ ಹುಟ್ಟುವುದು ಬಂಟ್ವಾಳ ತಾಲೂಕಿನ ವೀರಕಂಬದ ಗುಡ್ಡಗಳಲ್ಲಿ. ಹೀಗಿದ್ದರೂ ಹೊಳೆಯ ನೀರಿನ ಗುಣ, ಪ್ರಮಾಣ, ಮರಳು, ದಂಡೆಯ ಕಾಡು ಇವುಗಳ ಬಗ್ಗೆ ಎರಡು ರಾಜ್ಯಗಳ ಜನ ಒಟ್ಟಿಗೆ ಕುಳಿತು ಮಾತನಾಡುವ ಜಾಗವೊಂದು ಇಲ್ಲ. 1956ರಷ್ಟು ಹಿಂದೆಯೇ ಸಂಸತ್ತು ನದಿ ಮಂಡಳಿಗಳ ಕಾಯ್ದೆಯನ್ನು ಮಾಡಿತ್ತು. ಅಂತರರಾಜ್ಯ ನದಿಗಳ ಕಣಿವೆಯನ್ನು ಸಮಗ್ರವಾಗಿ ನೋಡಿಕೊಳ್ಳಲು ಸಲಹಾ ಮಂಡಳಿಗಳನ್ನು ರಚಿಸಬಹುದೆಂದು ಅದು ಹೇಳುತ್ತದೆ. ಆ ಕಾಯ್ದೆಯಡಿ ಈವರೆಗೆ ಒಂದು ಮಂಡಳಿಯೂ ಹುಟ್ಟಿಲ್ಲ. ಕಾವೇರಿಯಂಥ ದೊಡ್ಡ ನದಿಗೆ ದೀರ್ಘ ಜಗಳದ ಬಳಿಕ 2018ರಲ್ಲಿ ಪ್ರಾಧಿಕಾರ ಬಂತು, ಅದೂ ಮುಖ್ಯವಾಗಿ ನೀರಿನ ಹಂಚಿಕೆಗಾಗಿ. ಜಗಳವಿಲ್ಲದ ಸಣ್ಣ ಹೊಳೆಗಳನ್ನು ಕೇಳುವವರಿಲ್ಲ.

ನಡಿಗೆ ಆರಂಭವಾಗುವುದು ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಗಡಿಗೆ ತಾಗಿದ ಪಂಜಿಕಲ್ಲಿನ ಆಸುಪಾಸಿನಲ್ಲಿ, ಬೆಳಗ್ಗೆ ಏಳು ಗಂಟೆಗೆ. ನಮ್ಮ ತಂಡದಲ್ಲಿ ಕಾಸರಗೋಡಿನ ಪ್ರೌಢಶಾಲಾ ಅಧ್ಯಾಪಕರು, ಕುತ್ತಿಕ್ಕೋಲಿನ ಮಲಯಾಳಂ ಮಾತನಾಡುವ ದಂಪತಿ, ಸುಳ್ಯ ಕಡೆಯಿಂದ ಬಸ್ಸು ಹಿಡಿದು ಬಂದ ಇಬ್ಬರು ಕೃಷಿಕರು, ಕೆಲವು ವಿದ್ಯಾರ್ಥಿಗಳಿದ್ದರು. ಮುಂದಾಳುವಾಗಿದ್ದವರು ವಿಜ್ಞಾನ ಪಾಠ ಮಾಡಿ ನಿವೃತ್ತರಾದ ಮಾಷ್ಟ್ರು. ಕನ್ನಡ, ಮಲಯಾಳಂ, ತುಳು ಮೂರರಲ್ಲೂ ಅವರು ವಿವರಿಸಬಲ್ಲರು. ಯಾರು ಪ್ರಶ್ನೆ ಕೇಳಿದರೋ ಅವರ ಭಾಷೆಯಲ್ಲಿ ಉತ್ತರ ಕೊಟ್ಟು, ಉಳಿದವರಿಗಾಗಿ ಅದರ ಸಾರವನ್ನು ಮತ್ತೊಮ್ಮೆ ಹೇಳುವ ತಾಳ್ಮೆ ಅವರಲ್ಲಿದೆ. ಈ ಜಿಲ್ಲೆಯಲ್ಲಿ ಕನ್ನಡಿಗರು ಎಷ್ಟೋ ಸಾರ್ವಜನಿಕ ಕಾರ್ಯಕ್ರಮಗಳಲ್ಲಿ ಅರ್ಧಂಬರ್ಧ ಅರ್ಥವಾದದ್ದನ್ನೇ ಕೇಳಿಕೊಂಡು ಬರುವ ಸ್ಥಿತಿಯಿರುವಾಗ, ಈ ಒಂದು ಗುಣಕ್ಕಾಗಿಯೇ ಸೇವೆಯನ್ನು ಮೆಚ್ಚಬೇಕು. ಆದರೆ ಕೈಗೆ ಕೊಡುವ ಹನ್ನೆರಡು ಪುಟದ ಪುಸ್ತಿಕೆ ಮಲಯಾಳಂನಲ್ಲಿ ಮಾತ್ರ ಇದೆ. ಕನ್ನಡದ ಪ್ರತಿ ಸಿದ್ಧವಾಗುತ್ತಿದೆ ಎಂದರು. ಹೊಳೆಯ ಮೇಲ್ಭಾಗದಲ್ಲಿ ಇರುವವರೆಲ್ಲ ಓದುವುದು ಕನ್ನಡವನ್ನೇ ಆದ್ದರಿಂದ ಇದು ಸಣ್ಣ ಕೊರತೆಯಲ್ಲ, ಬೇಗ ಸರಿಪಡಿಸಬೇಕಾದದ್ದು.

ಮೊದಲ ತಂಗುದಾಣದಲ್ಲಿ ನೀರಿನ ಪರೀಕ್ಷೆ ನಡೆಯುತ್ತದೆ. ಉದ್ದನೆಯ ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ, ಮೇಲಿನಿಂದ ನೋಡಿದಾಗ ತಳದಲ್ಲಿರುವ ಕಪ್ಪುಬಿಳಿ ಗುರುತು ಎಷ್ಟು ಆಳದವರೆಗೆ ಕಾಣುತ್ತದೆ ಎಂಬುದರಿಂದ ಕೆಸರಿನ ಪ್ರಮಾಣ ಅಳೆಯುವುದು. ಕಾಗದದ ಪಟ್ಟಿ ಅದ್ದಿ ಆಮ್ಲೀಯತೆ ಮತ್ತು ನೈಟ್ರೇಟ್ ನೋಡುವುದು. ಇವೆಲ್ಲ ಶಾಲಾ ಪ್ರಯೋಗದ ಮಟ್ಟದವು. ನನ್ನ ಮನಸ್ಸಿನಲ್ಲಿ ಉಳಿದದ್ದು ಮಲಜನ್ಯ ಬ್ಯಾಕ್ಟೀರಿಯಾ ಇದೆಯೇ ಎಂದು ತಿಳಿಸುವ ಸಣ್ಣ ಬಾಟಲಿ. ಅದರೊಳಗೆ ಮದ್ದು ಹಚ್ಚಿದ ಕಾಗದವಿರುತ್ತದೆ. ಗೆರೆಯವರೆಗೆ ಹೊಳೆಯ ನೀರು ತುಂಬಿ, ಮುಚ್ಚಳ ಬಿಗಿದು, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ನೀರು ಕಪ್ಪಾದರೆ ಮಲಿನ, ಬಣ್ಣ ಬದಲಾಗದಿದ್ದರೆ ಸದ್ಯಕ್ಕೆ ಚಿಂತೆಯಿಲ್ಲ. ನಮ್ಮ ತಂಡ ನಾಲ್ಕು ಕಡೆ ಹೀಗೆ ಬಾಟಲಿ ತುಂಬಿ ಊರಿನ ಹೆಸರು, ಹೊತ್ತು ಬರೆದ ಚೀಟಿ ಅಂಟಿಸಿತು. ಎರಡು ದಿನ ಕಳೆದ ಮೇಲೆ ಅವುಗಳ ಚಿತ್ರವನ್ನು ಎಲ್ಲರಿಗೂ ಕಳುಹಿಸಿದರು. ಕಾಡಿನ ತೋಡಿನಿಂದ, ಅಂದರೆ ಸಣ್ಣ ತೊರೆಯಿಂದ, ತೆಗೆದ ಒಂದು ಬಾಟಲಿ ಮಾತ್ರ ತಿಳಿಯಾಗಿತ್ತು. ಜನವಸತಿಯ ಕೆಳಗಿನ ಕಡವುಗಳಿಂದ ತೆಗೆದ ಮೂರೂ ಮಸಿಯಷ್ಟು ಕಪ್ಪಾಗಿದ್ದವು. ಅದೇ ಕಡವುಗಳಲ್ಲಿ ಮಕ್ಕಳು ಈಜುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಪ್ರಯೋಗಾಲಯದ ವರದಿಯೊಂದು ಅಂಕಿಗಳಲ್ಲಿ ಹೇಳುವುದಕ್ಕಿಂತ ಈ ನಾಲ್ಕು ಬಾಟಲಿಗಳ ಚಿತ್ರ ನಮ್ಮ ಮನೆಯವರ ಮೇಲೆ ಹೆಚ್ಚು ಪರಿಣಾಮ ಮಾಡಿತು. ಇದು ಕೇವಲ ಸೂಚಕ ಪರೀಕ್ಷೆ, ಇದನ್ನು ಹಿಡಿದು ಯಾರ ಮೇಲೂ ಆರೋಪ ಮಾಡಲಾಗದು ಎಂದು ಮಾಷ್ಟ್ರು ಎರಡೆರಡು ಬಾರಿ ಎಚ್ಚರಿಸಿದ್ದನ್ನೂ ಇಲ್ಲಿ ದಾಖಲಿಸುತ್ತೇನೆ.

ಆದೂರು, ಕಾರಡ್ಕದ ಕಾಡಿನ ಅಂಚಿನಲ್ಲಿ ನಡೆಯುವಾಗ ಆನೆಯ ಮಾತು ಬಂತು. ಕರ್ನಾಟಕದ ಕಾಡುಗಳಿಂದ ಇಳಿಯುವ ಆನೆಗಳು ದೇಲಂಪಾಡಿ, ಕಾರಡ್ಕ, ಮುಳಿಯಾರು ಪಂಚಾಯತುಗಳ ತೋಟಗಳಲ್ಲಿ ತಿಂಗಳುಗಟ್ಟಲೆ ತಿರುಗಾಡಿ, ಬಾಳೆ, ಕಂಗು, ತೆಂಗುಗಳನ್ನು ನೆಲಸಮ ಮಾಡಿದ್ದನ್ನು ಈ ಭಾಗದವರು ಬಲ್ಲರು. ಗಡಿಯ ಬದಿಯಲ್ಲಿ ಸೌರ ತೂಗುಬೇಲಿ ಬಂದ ಮೇಲೆ ಕೆಲವು ಕಡೆ ನೆಮ್ಮದಿಯಾಗಿದೆ. ಆದರೆ ಬೇಲಿಯ ಈಚೆಗೆ ಬರಲಾಗದ ಆನೆ ಆಚೆಯ ತೋಟಕ್ಕೆ ಹೋಗುತ್ತದೆ ಎಂದು ಸುಳ್ಯ ಕಡೆಯಿಂದ ಬಂದಿದ್ದ ಕೃಷಿಕರೊಬ್ಬರು ಹೇಳಿದಾಗ ಉಳಿದವರೆಲ್ಲ ಸುಮ್ಮನಾದೆವು. ಎರಡೂ ಕಡೆಯ ಅರಣ್ಯ ಇಲಾಖೆಗಳು ಒಂದೇ ನಕ್ಷೆ ಹಿಡಿದು ಆನೆಯ ದಾರಿಯನ್ನು ಬಿಟ್ಟು ಬೇಲಿ ಹಾಕದೆ ಹೋದರೆ ಒಬ್ಬರ ಪರಿಹಾರ ಇನ್ನೊಬ್ಬರ ನಷ್ಟವಾಗುವುದನ್ನು ತಪ್ಪಿಸಲಾಗದು. ಇಂಥ ಮಾತು ಎದುರುಬದುರು ಕುಳಿತು ಆಡಲು ಅವಕಾಶ ಸಿಕ್ಕಿದ್ದೇ ಈ ನಡಿಗೆಯ ದೊಡ್ಡ ಲಾಭ ಎಂದು ನನಗೆ ಅನ್ನಿಸಿತು.

ದಿನದ ಅತ್ಯುತ್ತಮ ಭಾಗವೆಂದರೆ ಪಯಸ್ವಿನಿಗೆ ಸೇರುವ ಒಂದು ತೋಡಿನಲ್ಲಿ ಕಟ್ಟ ಕಟ್ಟುವುದನ್ನು ನೋಡಲು ಸಿಕ್ಕಿದ್ದು. ಡಿಸೆಂಬರ್ ಎಂದರೆ ಕಟ್ಟದ ಕಾಲ. ಮಳೆ ನಿಂತು ತೋಡಿನ ಹರಿವು ಇಳಿಯುತ್ತಿದ್ದಂತೆ ಅಡ್ಡಲಾಗಿ ಎರಡು ಸಾಲು ಕಲ್ಲು ಜೋಡಿಸಿ, ನಡುವೆ ಮಣ್ಣು ತುಂಬಿ ತುಳಿದು, ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು ಅದು. ಈಗ ಮೇಲ್ಬದಿಗೆ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ, ಕೆಲವೆಡೆ ಮಣ್ಣಿನ ಬದಲು ಹೊಯಿಗೆ (ಮರಳು) ತುಂಬಿದ ಚೀಲ ಇಡುತ್ತಾರೆ. ಕಾಂಕ್ರೀಟಿನ ಕಿಂಡಿ ಅಣೆಕಟ್ಟಿಗೆ ತಗಲುವ ಖರ್ಚಿನ ಒಂದು ಸಣ್ಣ ಪಾಲಿನಲ್ಲಿ ಇದು ಮುಗಿಯುತ್ತದೆ. ಮೇ ತಿಂಗಳವರೆಗೆ ಸುತ್ತಲಿನ ಬಾವಿ, ಕೆರೆಗಳ ನೀರು ಇಳಿಯದಂತೆ ತಡೆಯುತ್ತದೆ. ಮಳೆ ಬಂದಾಗ ತಾನೇ ದಾರಿ ಬಿಡುತ್ತದೆ. ಏತಡ್ಕದ ಕಟ್ಟಗಳ ಸಾಲು, ಬಾಯಾರು, ಎಣ್ಮಕಜೆ ಕಡೆಯಲ್ಲಿ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳು ಇವುಗಳ ಬಗ್ಗೆ ಜಲ ಪತ್ರಕರ್ತ ಶ್ರೀ ಪಡ್ರೆಯವರು ದಶಕಗಳಿಂದ ಬರೆಯುತ್ತ ಬಂದಿರುವುದರಿಂದ ಕನ್ನಡ ಓದುಗರಿಗೆ ಹೆಸರಂತೂ ಹೊಸದಲ್ಲ. ಆದರೆ ಮೊಣಕಾಲು ಮುಳುಗುವ ನೀರಿನಲ್ಲಿ ನಿಂತು ಕಲ್ಲು ದಾಟಿಸಿಕೊಡುವಾಗ ತಿಳಿಯುವುದು ಬೇರೆ. ಬರಿಗಾಲಿಗೆ ತಣ್ಣನೆ ನೀರು, ಅಡಿಯಲ್ಲಿ ಜಾರುವ ಕಲ್ಲು. ತುಳಿದಷ್ಟೂ ಮಣ್ಣು ಬಿಗಿಯಾಗುತ್ತ ಬಂದು, ಸೋರುವ ನೀರಿನ ಸದ್ದು ಒಂದು ಹಂತದಲ್ಲಿ ತಟ್ಟನೆ ನಿಲ್ಲುತ್ತದೆ.

ಅಲ್ಲಿ ಕೆಲಸ ಮಾಡಿಸುತ್ತಿದ್ದ ಹಿರಿಯ ಕೃಷಿಕರನ್ನು ಮಾಷ್ಟ್ರು ಕೇಳಿದರು: “ಅಲ್ಲ ಭಟ್ರೇ, ನೀವು ಇಲ್ಲಿ ನೀರು ನಿಲ್ಲಿಸಿದರೆ ಕೆಳಗಿನವರು ಜಗಳಕ್ಕೆ ಬರುವುದಿಲ್ವಾ?”

“ಹೇಳದೆ ಕಟ್ಟಿದರೆ ಬರ್ತಾರೆ ಮಾಷ್ಟ್ರೇ, ಬಾರದೆ ಇರ್ತಾರಾ? ಅದಕ್ಕೇ ದೀಪಾವಳಿ ಕಳೆದ ಮೇಲೆ ಎಲ್ಲ ತೋಟದವರೂ ಒಂದು ದಿನ ಕೂತು ಮಾತಾಡುವುದುಂಟು. ಯಾರದ್ದು ಮೊದಲು, ಎಷ್ಟು ಎತ್ತರ, ನೀರು ತುಂಬಿದ ಮೇಲೆ ಎಷ್ಟು ಬಿಡಬೇಕು, ಎಲ್ಲ ಅಲ್ಲೇ ತೀರ್ಮಾನ. ಕೆಳಗಿನವನ ಕಟ್ಟಕ್ಕೆ ಒಂದು ದಿನ ನಮ್ಮ ಆಳುಗಳನ್ನೂ ಕಳಿಸ್ತೇವೆ.”

ಎರಡು ರಾಜ್ಯಗಳ ನಡುವೆ ಆಗಬೇಕಾದ ಒಪ್ಪಂದದ ಅಂಶಗಳೆಲ್ಲ ಅವರ ಆ ಮಾತಿನಲ್ಲಿವೆ: ಕೆಲಸಕ್ಕೆ ಮುಂಚೆ ತಿಳಿಸುವುದು, ಅಳತೆಯನ್ನು ಒಟ್ಟಿಗೆ ನಿಶ್ಚಯಿಸುವುದು, ಕೆಳಗಿನವರಿಗೆ ಬಿಡಬೇಕಾದ ಹರಿವನ್ನು ಮೊದಲೇ ಗೊತ್ತುಮಾಡುವುದು, ಖರ್ಚು ಮತ್ತು ಶ್ರಮದಲ್ಲಿ ಪಾಲು ಹೊರುವುದು. ಯುರೋಪಿನಲ್ಲಿ ಆಲ್ಪ್ಸ್ ಪರ್ವತ ಪ್ರದೇಶದ ರಾಷ್ಟ್ರಗಳು 1991ರಲ್ಲಿ, ಕಾರ್ಪೇಥಿಯನ್ ಪರ್ವತಗಳನ್ನು ಹಂಚಿಕೊಂಡ ಏಳು ರಾಷ್ಟ್ರಗಳು 2003ರಲ್ಲಿ ಕೀವ್ ನಗರದಲ್ಲಿ ಪರಿಸರ ಒಡಂಬಡಿಕೆಗೆ ಸಹಿ ಹಾಕಿದ್ದನ್ನು ಮಾಷ್ಟ್ರು ಇಲ್ಲಿಯೇ ಪ್ರಸ್ತಾಪಿಸಿದರು. ಬೇರೆ ಬೇರೆ ಭಾಷೆ, ಬೇರೆ ಬೇರೆ ಸರಕಾರ, ಹಿಂದೆ ಯುದ್ಧವನ್ನೂ ಮಾಡಿದ ದೇಶಗಳು ಬೆಟ್ಟವನ್ನು ಒಂದು ಘಟಕವೆಂದು ಒಪ್ಪಿ ಬರೆದುಕೊಂಡಿವೆ. ನಮ್ಮಲ್ಲಿ ಒಂದೇ ಸಂವಿಧಾನದ ಅಡಿಯಲ್ಲಿರುವ ರಾಜ್ಯಗಳಿಗೆ ಇದು ಅಸಾಧ್ಯವಾಗಬಾರದು. 1986ರಲ್ಲಿ ಸ್ಥಾಪನೆಯಾದ ನೀಲಗಿರಿ ಜೀವಗೋಲ ಮೀಸಲು ಪ್ರದೇಶ ತಮಿಳುನಾಡು, ಕರ್ನಾಟಕ, ಕೇರಳ ಮೂರನ್ನೂ ಒಳಗೊಂಡಿದೆ. 2012ರಲ್ಲಿ ಪಶ್ಚಿಮಘಟ್ಟದ 39 ತಾಣಗಳಿಗೆ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಾಗ ತಲಕಾವೇರಿ, ಬ್ರಹ್ಮಗಿರಿ, ಪುಷ್ಪಗಿರಿಗಳ ಜೊತೆಗೆ ಕೇರಳದ ಆರಳಂ ಅಭಯಾರಣ್ಯವೂ ಒಂದೇ ಗುಂಪಿನಲ್ಲಿ ಸೇರಿತು. ಪಟ್ಟಿಯಲ್ಲಿ ಒಂದಾದದ್ದು ನೆಲದ ಮೇಲೆ ಒಂದಾಗಬೇಕು, ಅಷ್ಟೇ.

ಮಧ್ಯಾಹ್ನದ ಊಟ ದಂಡೆಯ ಮನೆಯೊಂದರ ಚಾವಡಿಯಲ್ಲಿ. ಬಾಳೆಲೆಯಲ್ಲಿ ಕುಚ್ಚಿಲಕ್ಕಿ ಅನ್ನ, ಬಸಳೆಯ ಪದಾರ್ಥ, ಸಾರು, ಮಜ್ಜಿಗೆ. ರುಚಿಯಾಗಿತ್ತು, ಬೇಕಾದಷ್ಟು ಬಡಿಸಿದರು. ಪ್ಲಾಸ್ಟಿಕ್ ಬಾಟಲಿಯ ನೀರು ಎಲ್ಲಿಯೂ ಕೊಡಲಿಲ್ಲ, ಕುದಿಸಿ ಆರಿಸಿದ ಜೀರಿಗೆ ನೀರನ್ನು ಕ್ಯಾನಿನಲ್ಲಿ ಒಯ್ದಿದ್ದರು.

ಊಟದ ಬಳಿಕ ವಾಹನ ಮುಳಿಯಾರಿನ ಗೇರುತೋಟದ ಬದಿಯಲ್ಲಿ ನಿಂತಿತು. ಈ ನಿಲುಗಡೆಯನ್ನು ಕೆಲವರು ದುಃಖದ ವಿಷಯವೆಂದು ಬೇಡವೆನ್ನುತ್ತಾರಂತೆ. ಅದು ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ಗುಡ್ಡದ ನೆತ್ತಿಯಲ್ಲಿ ಬಿದ್ದ ವಿಷ ಮಳೆಗೆ ತೊಳೆದು ತೋಡು, ಸುರಂಗ, ಬಾವಿಗಳಿಗೆ ಇಳಿಯಿತು. ಪಡ್ರೆ ಗ್ರಾಮದ ಕೊಡೆಂಕಿರಿ ತೋಡಿನ ಇಕ್ಕೆಲದ ಮನೆಗಳು ಅನುಭವಿಸಿದ ಕಾಯಿಲೆಗಳ ಸಂಕಟ ಜಗತ್ತಿಗೇ ಗೊತ್ತಾಯಿತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಕಡೆಯ ಗೇರುತೋಟಗಳ ಸುತ್ತಲೂ ಅದೇ ಮದ್ದು ಬಿತ್ತು, ಅದೇ ಬಗೆಯ ಸಂಕಟ ಹುಟ್ಟಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶಾದ್ಯಂತ ಆ ಕೀಟನಾಶಕವನ್ನು ತಡೆಹಿಡಿಯಿತು. 2017ರಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಒಂದೇ ವಿಷದಿಂದ ನೊಂದ ಎರಡು ಜಿಲ್ಲೆಗಳ ಜನರ ಪಟ್ಟಿ ಬೇರೆ, ವೈದ್ಯಕೀಯ ಶಿಬಿರ ಬೇರೆ, ಪರಿಹಾರದ ಕ್ರಮ ಬೇರೆ. ಗುಡ್ಡದ ಎರಡು ಮಗ್ಗುಲಿನ ಅನುಭವವನ್ನು ಒಟ್ಟಿಗೆ ಇಟ್ಟು ನೋಡಿದ್ದರೆ ಅಪಾಯ ಇನ್ನಷ್ಟು ಬೇಗ ಕಣ್ಣಿಗೆ ಬೀಳುತ್ತಿತ್ತು ಎಂದು ನಾನು ನಂಬುತ್ತೇನೆ.

ಮುಂದಿನ ದಾರಿಯಲ್ಲಿ ಹೊಯಿಗೆಯ ದಿಬ್ಬಗಳು ಸಿಗುತ್ತವೆ. ಅಲ್ಲಿ ಇಳಿಯಲು ಕೂಟದವರು ಬಿಡುವುದಿಲ್ಲ, ದಂಡೆಯಿಂದಲೇ ತೋರಿಸುತ್ತಾರೆ. ಕಾರಣ, ಊರವರು ಪಾಲಪೂವನ್ ಎಂದು ಕರೆಯುವ ದೈತ್ಯ ಮೃದುಚಿಪ್ಪಿನ ಆಮೆ. ಒಂದು ಮೀಟರಿನಷ್ಟು ಉದ್ದ ಬೆಳೆಯಬಲ್ಲ, ಬದುಕಿನ ಬಹುಕಾಲವನ್ನು ಹೊಯಿಗೆಯ ಅಡಿಯಲ್ಲಿ ಅಲುಗಾಡದೆ ಕಳೆಯುವ, ಜಗತ್ತಿನಲ್ಲಿ ತೀವ್ರ ಅಪಾಯದಂಚಿಗೆ ಬಂದಿರುವ ಈ ಜೀವಿ ಚಂದ್ರಗಿರಿಯಲ್ಲಿ ಮೊಟ್ಟೆಯಿಟ್ಟು ಮರಿ ಮಾಡುತ್ತಿರುವುದನ್ನು ತೋರಿಸಿದ ಸಂಶೋಧನೆ 2024ರಲ್ಲಿ ಪ್ರಕಟವಾಯಿತು. ಹೊಳೆಬದಿಯ ಜನರೊಂದಿಗೆ ಮಾತನಾಡಿ, ಅವರು ಕಂಡದ್ದನ್ನು ದಾಖಲಿಸುತ್ತ ಹೋದದ್ದರಿಂದ ಆ ಸಂಶೋಧನೆ ಸಾಧ್ಯವಾಯಿತು ಎಂಬುದು ಗಮನಿಸಬೇಕಾದ ಸಂಗತಿ. ಕಾಸರಗೋಡು ಜಿಲ್ಲೆ ಇದನ್ನು ತನ್ನ ಜಿಲ್ಲಾ ಜೀವಿಯೆಂದು ಘೋಷಿಸಿಕೊಂಡಿದೆ. ಸಂತೋಷವೇ. ಆದರೆ ಹೊಯಿಗೆ ಬರುವುದು ಮೇಲಿನಿಂದ. ಘಟ್ಟದಿಂದ ಇಳಿಯುವ ಮರಳು ದಾರಿಯಲ್ಲೇ ಲಾರಿಗೆ ಏರಿದರೆ, ಅಥವಾ ಮೇಲೆ ಎಲ್ಲಿಯಾದರೂ ನಿಲ್ಲಿಸಿದ ನೀರನ್ನು ಹೇಳದೆ ಕೇಳದೆ ಒಮ್ಮೆಲೇ ಬಿಟ್ಟರೆ, ಕೆಳಗಿನ ದಿಬ್ಬದಲ್ಲಿ ಮೊಟ್ಟೆಯಿಡುವ ಆಮೆಗೆ ಜಿಲ್ಲೆಯ ಘೋಷಣೆಯಿಂದ ರಕ್ಷಣೆ ದೊರೆಯದು. ಸುಳ್ಯದ ಕೃಷಿಕರು ತಮ್ಮ ಕಡೆ ಈ ಆಮೆಯ ಹೆಸರನ್ನೇ ಕೇಳಿಲ್ಲ ಎಂದರು. ಚಿತ್ರವನ್ನು ಮೊಬೈಲಿಗೆ ಹಾಕಿಸಿಕೊಂಡು, ಊರಿನಲ್ಲಿ ಬಲೆ ಹಾಕುವವರಿಗೆ ತೋರಿಸುತ್ತೇವೆ ಎಂದು ಹೇಳಿ ಹೋದರು.

ಮುನ್ನಂಕಡವಿನ ಸಂಗಮ, ಬಾವಿಕ್ಕರೆಯ ರೆಗ್ಯುಲೇಟರ್, ಚಂದ್ರಗಿರಿ ಸೇತುವೆ ಇಷ್ಟನ್ನೂ ಸಂಜೆಯೊಳಗೆ ಮುಗಿಸಲು ಹೊರಟದ್ದರಿಂದ ಕೊನೆಯ ಭಾಗ ಅವಸರವಾಯಿತು. ಬಾವಿಕ್ಕರೆಯಲ್ಲಿ ಇನ್ನಷ್ಟು ಹೊತ್ತು ಕೊಡಬೇಕಿತ್ತು. ಬೇಸಗೆಯಲ್ಲಿ ಮೇಲಿನಿಂದ ಸಿಹಿನೀರಿನ ಹರಿವು ಕುಗ್ಗಿದಾಗ ಸಮುದ್ರದ ಉಪ್ಪುನೀರು ಒಳನಾಡಿನವರೆಗೆ ಏರಿ ಬರುತ್ತದೆ. ಕಾಸರಗೋಡಿನವರು ವರ್ಷಾನುಗಟ್ಟಲೆ ನಳ್ಳಿಯಲ್ಲಿ ಉಪ್ಪುನೀರು ಕಂಡದ್ದು ಹೀಗೆ. ಅದನ್ನು ತಡೆಯಲೆಂದೇ ಅಲ್ಲಿ ಬಾಗುವ ಹಲಗೆಗಳ ಅಣೆ ನಿರ್ಮಾಣವಾಯಿತು. ಉಪ್ಪು ಎಷ್ಟು ದೂರ ಏರುತ್ತದೆ ಎಂಬುದು ಏಪ್ರಿಲಿನಲ್ಲಿ ಸಂಪಾಜೆಯ ತೋಡುಗಳಲ್ಲಿ ಎಷ್ಟು ನೀರು ಉಳಿದಿದೆ ಎಂಬುದರ ಮೇಲೆ ನಿಂತಿದೆ. ಈ ಸಂಬಂಧವನ್ನು ವಿವರಿಸಲು ಅದಕ್ಕಿಂತ ತಕ್ಕ ಜಾಗವಿಲ್ಲ. ಶಿವಪ್ಪ ನಾಯಕನ ಕಾಲದ ಚಂದ್ರಗಿರಿ ಕೋಟೆಗೆ ಹೋಗುವುದನ್ನು ಬಿಟ್ಟು ಆ ಹೊತ್ತನ್ನು ಇಲ್ಲಿಗೆ ಕೊಡಬಹುದು. ಕೋಟೆಯನ್ನು ಯಾವಾಗ ಬೇಕಾದರೂ ನೋಡಬಹುದು.

ಇನ್ನು ಮಳೆ ಸಂದೇಶ. ನನ್ನ ದೃಷ್ಟಿಯಲ್ಲಿ ಕೊಟ್ಟ ಹಣದ ಮುಕ್ಕಾಲು ಬೆಲೆ ಇದಕ್ಕೇ ಸಲ್ಲುತ್ತದೆ. ಸಂಪಾಜೆ, ಅರಂತೋಡು, ಸುಳ್ಯ, ಜಾಲ್ಸೂರು ಕಡೆಯ ಕೆಲವು ಕೃಷಿಕರು ತಮ್ಮ ಮನೆಯಂಗಳದ ಮಳೆಮಾಪಕದಲ್ಲಿ ಹವಾಮಾನ ಇಲಾಖೆಯ ಪದ್ಧತಿಯಂತೆ ಬೆಳಗ್ಗೆ 8.30ಕ್ಕೆ ಅಳೆದ ಲೆಕ್ಕವನ್ನು ಕಳುಹಿಸುತ್ತಾರೆ. ಕೂಟದವರು ಅದನ್ನು ಒಂದು ಪಟ್ಟಿ ಮಾಡಿ, ಹೊಳೆಯ ಬಣ್ಣ ಮತ್ತು ಮಟ್ಟದ ಬಗ್ಗೆ ಒಂದು ಸಾಲು ಸೇರಿಸಿ, ಕನ್ನಡ ಮತ್ತು ಮಲಯಾಳಂ ಎರಡರಲ್ಲೂ ಕೆಳಗಿನವರಿಗೆ ತಲುಪಿಸುತ್ತಾರೆ. ದಿನದಿನದ ಮಳೆಯನ್ನು ಬರೆದಿಡುವ ಅಭ್ಯಾಸ ದಕ್ಷಿಣ ಕನ್ನಡದ ತೋಟಗಾರರಲ್ಲಿ ಹಳೆಯದು. ಡೈರಿಯಲ್ಲಿ ಉಳಿಯುತ್ತಿದ್ದ ಆ ಲೆಕ್ಕವನ್ನು ಗಡಿಯ ಈಚೆಗೆ ದಾಟಿಸಿದ್ದು ಮಾತ್ರ ಹೊಸತು.

2018ರ ಆಗಸ್ಟಿನಲ್ಲಿ ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡ ಜರಿದು, ಮಡಿಕೇರಿ–ಸಂಪಾಜೆ ಹೆದ್ದಾರಿಯೇ ಕೊಚ್ಚಿಹೋದಾಗ, ಪಯಸ್ವಿನಿ ಮರ, ಮಣ್ಣು, ಮನೆಯ ಸಾಮಾನುಗಳನ್ನು ಹೊತ್ತು ಕೆಂಪಾಗಿ ಹರಿಯಿತು. ಮೇಲೆ ಏನಾಗಿದೆ ಎಂದು ನಮಗಿಲ್ಲಿ ತಿಳಿದದ್ದು ಟಿವಿಯಿಂದ. ಹೊಳೆಯ ದಂಡೆಯಲ್ಲಿ ಪಂಪು ಇಟ್ಟವರು, ದನ ಕಟ್ಟಿದವರು, ದೋಣಿ ಬಿಡುವವರು ಎಲ್ಲರೂ ಊಹೆಯ ಮೇಲೆ ನಡೆದುಕೊಳ್ಳಬೇಕಾಯಿತು. ಈ ವರ್ಷದ ಜುಲೈಯಲ್ಲಿ ಒಂದು ಬೆಳಗ್ಗೆ, ನಮ್ಮಲ್ಲಿ ಹನಿ ಮಳೆಯಿಲ್ಲದೆ ಬಿಸಿಲು ಮೂಡಿದ್ದಾಗ, ಸಂಪಾಜೆಯಲ್ಲಿ ರಾತ್ರಿಯಿಡೀ ಸುರಿದಿದೆ, ನೀರು ಕೆಂಪಾಗಿದೆ ಎಂಬ ಸಂದೇಶ ಬಂತು. ನೆರೆಯ ತೋಟದವರು ಅದನ್ನು ನೋಡಿ ಪಂಪನ್ನು ಮೇಲಕ್ಕೆ ತಂದರು. ಮಧ್ಯಾಹ್ನದ ಹೊತ್ತಿಗೆ ಪಂಪು ಇದ್ದ ಕಟ್ಟೆ ನೀರಿನಲ್ಲಿತ್ತು. ಇಷ್ಟೇ ಉಪಯೋಗವಾದರೂ ಸಾಕಿತ್ತು.

ರೈನ್ ನದಿಯ ಉದಾಹರಣೆ ಇಲ್ಲಿ ನೆನಪಾಗುತ್ತದೆ. ಆ ನದಿಯನ್ನು ಕಾಪಾಡಲು ದಂಡೆಯ ದೇಶಗಳು 1950ರಲ್ಲೇ ಆಯೋಗ ರಚಿಸಿಕೊಂಡಿದ್ದರೂ, 1986ರ ನವೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಬಳಿಯ ರಾಸಾಯನಿಕ ಗೋದಾಮಿಗೆ ಬೆಂಕಿ ಬಿದ್ದು, ಬೆಂಕಿ ಆರಿಸಿದ ನೀರಿನೊಡನೆ ಕೀಟನಾಶಕಗಳು ಹೊಳೆಗೆ ಸೇರಿ ಮೀನುಗಳು ರಾಶಿರಾಶಿಯಾಗಿ ಸತ್ತ ಬಳಿಕವೇ ಎಚ್ಚರಿಕೆಯ ವ್ಯವಸ್ಥೆ ಬಿಗಿಯಾಯಿತು, ಮರುವರ್ಷ ಒಂದು ಸಮಗ್ರ ಕಾರ್ಯಕ್ರಮವೂ ಬಂತು. ಈಗ ಮೇಲಿನ ದೇಶದಲ್ಲಿ ಏನಾದರೂ ಹೊಳೆಗೆ ಬಿದ್ದರೆ ಕೆಳಗಿನ ದೇಶದ ನೀರು ಸರಬರಾಜಿನವರಿಗೆ ಸುದ್ದಿ ಹೋಗಲೇಬೇಕು. ಪಯಸ್ವಿನಿಯಲ್ಲಿ ನಮ್ಮ ರೈತರು ಸ್ವಂತ ಖರ್ಚಿನಲ್ಲಿ ಮಾಡುತ್ತಿರುವ ಕೆಲಸದ ತಿರುಳು ಅದೇ. ದೊಡ್ಡ ದುರಂತಕ್ಕೆ ಕಾಯದೆ ಇವರು ಆರಂಭಿಸಿದ್ದಾರೆ ಎಂಬುದು ನನಗೆ ಹೆಮ್ಮೆಯ ವಿಷಯ.

ಕೊರತೆಗಳಿವೆ. ಅತ್ಯಂತ ಬೇಕಾದ ದಿನವೇ, ಅಂದರೆ ಗಾಳಿಮಳೆಗೆ ವಿದ್ಯುತ್ತು ಹೋಗಿ ಮೊಬೈಲ್ ಗೋಪುರ ಸ್ತಬ್ಧವಾದಾಗ, ಸಂದೇಶ ಬರುವುದಿಲ್ಲ. ಅಂಥ ಹೊತ್ತಿಗೆ ಸ್ಥಿರ ದೂರವಾಣಿಯಿರುವ ಒಂದೆರಡು ಮನೆಗಳನ್ನು ಗೊತ್ತುಮಾಡಿಕೊಳ್ಳಬೇಕು. ರಾತ್ರಿಯ ಮಳೆಯ ಲೆಕ್ಕ ಬೆಳಗ್ಗೆಯೇ ಸಿಗುವುದರಿಂದ ತುರ್ತಿಗೆ ಇದನ್ನೇ ನಂಬುವಂತಿಲ್ಲ, ವಿಪತ್ತು ನಿರ್ವಹಣಾ ಪ್ರಾಧಿಕಾರದ ಸೂಚನೆಯನ್ನೇ ಪಾಲಿಸಬೇಕು. ಕೂಟದವರೂ ಪ್ರತಿ ಸಂದೇಶದ ಅಡಿಯಲ್ಲಿ ಹಾಗೆಂದೇ ಬರೆಯುತ್ತಾರೆ. ನೀರಿನ ಬಣ್ಣವನ್ನು ಒಬ್ಬರು ಕೆಂಪೆಂದರೆ ಇನ್ನೊಬ್ಬರು ಕಂದು ಎನ್ನುತ್ತಾರೆ. ನಡಿಗೆಯಲ್ಲಿ ಬಳಸುವ ಕೊಳವೆಯನ್ನೇ ಪ್ರತಿ ಊರಿಗೆ ಒಂದೊಂದು ಕೊಟ್ಟರೆ ಈ ಗೊಂದಲ ತೀರುತ್ತದೆ. ಬಂದ ಲೆಕ್ಕವನ್ನೆಲ್ಲ ವರ್ಷದ ಕೊನೆಗೆ ಒಂದು ಪಟ್ಟಿಯಾಗಿ ಪಂಚಾಯತುಗಳಿಗೆ, ಶಾಲೆಗಳಿಗೆ ಕೊಡುವ ಏರ್ಪಾಡು ಇನ್ನೂ ಆಗಿಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ನಡಿಗೆಯ ದಾರಿಯದು. ಬಾಡಿಗೆ ವಾಹನ ರಾಜ್ಯದ ಗಡಿ ದಾಟಬೇಕಾದರೆ ಪ್ರತ್ಯೇಕ ಪರವಾನಿಗೆ, ತೆರಿಗೆ ಕಟ್ಟಬೇಕು. ಆ ಖರ್ಚು ತಪ್ಪಿಸಲು ಪಂಜಿಕಲ್ಲಿನಿಂದ ಆರಂಭಿಸುತ್ತಾರೆ. ಪರಿಣಾಮವಾಗಿ ಹೊಳೆ ಎರಡು ರಾಜ್ಯಗಳದ್ದು ಎಂದು ಕಲಿಸುವ ನಡಿಗೆಯಲ್ಲಿ ಪಾಲ್ಗೊಂಡವರು ಹೊಳೆಯ ಅರ್ಧವನ್ನಷ್ಟೇ ಕಾಣುತ್ತಾರೆ. ಘಟ್ಟದ ಬುಡದ ರಬ್ಬರು, ಜರಿದ ಗುಡ್ಡದ ಮೇಲೆ ಮತ್ತೆ ಹಬ್ಬುತ್ತಿರುವ ಹಸಿರು, ಸಂಪಾಜೆಯ ತೋಡುಗಳು ಇವನ್ನು ಕಾಣದೆ ಬಾವಿಕ್ಕರೆಯ ಉಪ್ಪುನೀರು ಪೂರ್ತಿ ಅರ್ಥವಾಗದು. ಪರಿಹಾರ ಕಷ್ಟದ್ದಲ್ಲ. ಸುಳ್ಯದವರೇ ಮೇಲ್ಭಾಗದ ನಡಿಗೆಯನ್ನು ಅಲ್ಲಿಯ ವಾಹನದಲ್ಲಿ ನಡೆಸಲಿ, ನಮ್ಮವರು ಕೆಳಭಾಗದ್ದನ್ನು ನಡೆಸಲಿ; ಎರಡು ದಿನದ ಕಾರ್ಯಕ್ರಮವಾಗಲಿ, ಮೊದಲ ದಿನದ ರಾತ್ರಿ ಆಚೆಯವರ ಮನೆಗಳಲ್ಲಿ ವಾಸ್ತವ್ಯವಿರಲಿ. ಶುಲ್ಕ ಇಮ್ಮಡಿಯಾದರೂ ಬರುವವರಿದ್ದಾರೆ ಎಂದು ಮಾಷ್ಟ್ರಿಗೆ ಹೇಳಿದ್ದೇನೆ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶವನ್ನು ಗುರುತಿಸುವ ಕೇಂದ್ರ ಸರಕಾರದ ಕರಡು ಅಧಿಸೂಚನೆ 2014ರಿಂದ ಈವರೆಗೆ ಮತ್ತೆ ಮತ್ತೆ ಹೊರಬಿದ್ದು, 2024ರ ಜುಲೈಯಲ್ಲಿ ಆರನೆಯ ಬಾರಿ ಪ್ರಕಟವಾದರೂ ಅಂತಿಮಗೊಳ್ಳದಿರಲು ಒಂದು ಕಾರಣ, ಘಟ್ಟದ ಮೇಲಿನವರು ಮತ್ತು ಕೆಳಗಿನವರು ಒಬ್ಬರ ಭಯವನ್ನು ಇನ್ನೊಬ್ಬರು ಕೇಳಿಸಿಕೊಳ್ಳದೆ ಇರುವುದು. ಒಬ್ಬರ ಅಂಗಳದಲ್ಲಿ ಇನ್ನೊಬ್ಬರು ಒಂದು ರಾತ್ರಿ ಕಳೆದರೆ ಆ ಮಾತುಕತೆಗೆ ದಾರಿಯಾಗುತ್ತದೆ.

ಹೋಗಬಯಸುವವರಿಗೆ ಕೆಲವು ಮಾತು. ನವೆಂಬರ್ ಕೊನೆಯಿಂದ ಜನವರಿಯವರೆಗೆ ಹೋದರೆ ಕಟ್ಟದ ಕೆಲಸ ನೋಡಲು ಸಿಗುತ್ತದೆ. ನೀರಿಗಿಳಿಯಬೇಕಾದ್ದರಿಂದ ಬದಲಿ ಬಟ್ಟೆ, ಹಿಡಿತವಿರುವ ರಬ್ಬರು ಚಪ್ಪಲಿ ಇರಲಿ. ಮಂಡಿನೋವಿನವರಿಗೆ, ತೀರ ಚಿಕ್ಕ ಮಕ್ಕಳಿಗೆ ದಂಡೆಯ ಇಳಿಜಾರು ಕಷ್ಟ. ಅಂಥವರು ಸಂದೇಶ ಸೇವೆಗೆ ಮಾತ್ರ ಹೆಸರು ಕೊಡಬಹುದು, ಅದಕ್ಕೆ 200 ರೂಪಾಯಿ. ಶಾಲಾ ಮಕ್ಕಳ ತಂಡವಾದರೆ ಶುಲ್ಕದಲ್ಲಿ ರಿಯಾಯಿತಿಯಿದೆ, ಶನಿವಾರ ಖಾಲಿ ಸಿಗುತ್ತದೆ. ಹೊಳೆಯ ಬದಿಯಲ್ಲಿ ತೋಟ, ಪಂಪು, ದೋಣಿ ಇರುವವರು ನಡಿಗೆಗೆ ಬಿಡುವಾಗದಿದ್ದರೂ ಸಂದೇಶಕ್ಕಂತೂ ಹೆಸರು ಕೊಡಲೇಬೇಕೆಂದು ನನ್ನ ಶಿಫಾರಸು. ನಾನು ಮುಂದಿನ ವರ್ಷದ ಹಣವನ್ನು ಕಟ್ಟಿದ್ದೇನೆ, ಕನ್ನಡ ಪುಸ್ತಿಕೆಯ ಕರಡು ತಿದ್ದಿಕೊಡಲೂ ಒಪ್ಪಿಕೊಂಡಿದ್ದೇನೆ.